ಹಳೆಯ ಲ್ಯಾಪ್‌ಟಾಪಿನಲ್ಲಿ ಕಾರ್ಡು ಕೆಲಸ ಮಾಡದಿದ್ದರೆ ಏನು ಮಾಡಬೇಕು?



ಹಾಲಿನ ಡೈರಿಗಳಲ್ಲಿಯೂ ಯುವಕ ಸಂಘಗಳಲ್ಲಿಯೂ ಪಟ್ಟಣದವರು ಕೊಟ್ಟುಹೋದ ಹಳೆಯ ಲ್ಯಾಪ್‌ಟಾಪುಗಳು ಅಲ್ಲಲ್ಲಿ ಉಂಟು. ವಿಂಡೋಸ್ 95 ಅಥವಾ 98 ಇರುವ ಅಂಥ ಯಂತ್ರಕ್ಕೆ ಹಾಲಿನ ತಕ್ಕಡಿಯನ್ನೋ ಡಿಗ್ರಿ ನೋಡುವ ಯಂತ್ರವನ್ನೋ ಜೋಡಿಸಬೇಕಾದರೆ ಪಕ್ಕದ ಸೀಳಿನಲ್ಲಿ ಒಂದು ಕಾರ್ಡು ತೂರಿಸಬೇಕಾಗುತ್ತದೆ. ಅದು ಬ್ಯಾಂಕಿನ ಕಾರ್ಡಿನಷ್ಟೇ ಉದ್ದಗಲ, ಸುಮಾರು 5 ಮಿಲಿಮೀಟರು ದಪ್ಪ. ಇದಕ್ಕೆ ಪಿ.ಸಿ. ಕಾರ್ಡು ಎನ್ನುತ್ತಾರೆ.

ಕಾರ್ಡು ಹಾಕಿದ ಕೂಡಲೇ ತಕ್ಕಡಿಯ ಅಂಕಿ ಬರುವುದಿಲ್ಲ, ಅಥವಾ ಅದುವರೆಗೆ ಸರಿಯಿದ್ದ ಇನ್ನೊಂದು ಭಾಗ ನಿಂತುಹೋಗುತ್ತದೆ. ಅಂಗಡಿಗೆ ಒಯ್ದರೆ ‘ಕಾರ್ಡು ಸುಟ್ಟಿದೆ, ಹೊಸದು ತೆಗೆದುಕೊಳ್ಳಿ’ ಎನ್ನುವವರೇ ಹೆಚ್ಚು. ಇತ್ತ ಲೀಟರು, ಡಿಗ್ರಿಗಳನ್ನು ಕೈಯಲ್ಲಿ ಬರೆದು, ಬಟವಾಡೆಯ ದಿನ ಲೆಕ್ಕ ಹೊಂದದೆ ಮಾತಿಗೆ ಮಾತು ಬೆಳೆಯುತ್ತದೆ. ಹಣ ಖರ್ಚು ಮಾಡುವ ಮೊದಲು ಒಂದು ಪರೀಕ್ಷೆ ಮಾಡಿರಿ. ಕಾರ್ಡನ್ನು ಹೊರಗೆ ತೆಗೆದು ಯಂತ್ರ ನಡೆಸಿ ನೋಡಿರಿ. ಯಂತ್ರ ಸರಿಯಾಗಿ ನಡೆದರೆ, ಅದೇ ಕಾರ್ಡನ್ನು ಬೇರೆ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿರಿ. ಬೇರೆ ಬೇರೆಯಾಗಿ ಎರಡೂ ಸರಿ, ಒಟ್ಟಿಗೆ ಮಾತ್ರ ಕೂಡುವುದಿಲ್ಲ ಎಂದಾದರೆ ಯಾವುದೂ ಕೆಟ್ಟಿಲ್ಲ. ಅದು ಜಗಳ ಅಷ್ಟೇ.

ಜಗಳ ಯಾತಕ್ಕೆ? ಕೆರೆಯ ನೀರುಗಂಟಿ ಒಬ್ಬನೇ ಎಂದೂ, ಅವನ ಗುಡಿಸಲಿನಲ್ಲಿ ಹದಿನಾರು ಗಂಟೆಗಳಿವೆ ಎಂದೂ, ಪ್ರತಿ ಗಂಟೆಯ ಹಗ್ಗ ಒಂದೊಂದು ಗದ್ದೆಗೆ ಹೋಗಿದೆ ಎಂದೂ ತಿಳಿಯಿರಿ. ನೀರು ಬೇಕಾದವನು ಹಗ್ಗ ಎಳೆಯುತ್ತಾನೆ, ನೀರುಗಂಟಿ ಆ ಗದ್ದೆಗೆ ಹೋಗುತ್ತಾನೆ. ಒಂದೇ ಹಗ್ಗವನ್ನು ಇಬ್ಬರು ತಮ್ಮ ಗದ್ದೆಗೆ ಕಟ್ಟಿಕೊಂಡರೆ? ಅವನು ಒಬ್ಬನ ಗದ್ದೆಗೆ ಹೋಗಿ ಬರುತ್ತಾನೆ, ಇನ್ನೊಬ್ಬನದು ಒಣಗುತ್ತದೆ. ಲ್ಯಾಪ್‌ಟಾಪಿನ ಮುಖ್ಯ ಚಿಪ್ಪೇ ಈ ನೀರುಗಂಟಿ. ಹಗ್ಗಕ್ಕೆ ಐ.ಆರ್.ಕ್ಯೂ. ಎಂದು ಹೆಸರು. 1981ರ ಐ.ಬಿ.ಎಂ. ಪಿ.ಸಿ.ಯಲ್ಲಿ ಇಂಥವು ಎಂಟೇ ಇದ್ದವು. 1984ರ ಎ.ಟಿ. ಯಂತ್ರದಲ್ಲಿ ಹದಿನಾರಾದವು, 0 ಯಿಂದ 15ರ ವರೆಗೆ. ಮುಂದೆ ಬಹಳ ವರ್ಷ ಅದೇ ಲೆಕ್ಕ ನಡೆಯಿತು.

ಹದಿನಾರು ಸಾಲದೇ ಎಂದು ಕೇಳಬಹುದು. ಸಾಲದು. 0 ಗಡಿಯಾರಕ್ಕೆ, 1 ಕೀಲಿಮಣೆಗೆ. 2 ಎರಡನೆಯ ಎಂಟನ್ನು ಮೊದಲ ಎಂಟಕ್ಕೆ ಕೂಡಿಸಲು. 6 ಫ್ಲಾಪಿಗೆ, 8 ತಾರೀಖಿನ ಗಡಿಯಾರಕ್ಕೆ, 12 ಮೌಸಿಗೆ, 13 ಗಣಿತದ ಭಾಗಕ್ಕೆ, 14 ಹಾರ್ಡ್‌ ಡಿಸ್ಕಿಗೆ, 15 ಸಾಮಾನ್ಯವಾಗಿ ಸಿ.ಡಿ.ಗೆ. ಸೀರಿಯಲ್ ಪೋರ್ಟುಗಳಿಗೆ 4 ಮತ್ತು 3, ಪ್ರಿಂಟರಿನ ಪೋರ್ಟಿಗೆ 7, ಧ್ವನಿಗೆ ಬಹುಮಟ್ಟಿಗೆ 5. ಉಳಿದವು 9, 10, 11. ಅವುಗಳಲ್ಲಿಯೂ ಕಾರ್ಡಿನ ಸೀಳೇ ಒಂದನ್ನು ಹಿಡಿದಿರುವುದುಂಟು. ಹೊಸದಾಗಿ ಬಂದ ಕಾರ್ಡಿಗೆ ಜಾಗ ಎಲ್ಲಿಂದ ಬರಬೇಕು?

ಕಾರ್ಡುಗಳಲ್ಲಿ ಎರಡು ಜಾತಿ. 1990ರಲ್ಲಿ ಗೊತ್ತುಪಡಿಸಿದ 16 ಬಿಟ್ಟಿನ ಜಾತಿ ತನಗೆ ಪ್ರತ್ಯೇಕ ಹಗ್ಗವೇ ಬೇಕೆನ್ನುತ್ತದೆ. 1995ರ 32 ಬಿಟ್ಟಿನ ‘ಕಾರ್ಡ್‌ಬಸ್’ ಹೊಂದಿಕೊಂಡು ಹೋಗುವ ಸ್ವಭಾವದ್ದು, ಒಂದೇ ಹಗ್ಗವನ್ನು ಇತರರೊಡನೆ ಹಂಚಿಕೊಳ್ಳಬಲ್ಲದು. ತೂರಿಸುವ ತುದಿಯ ಬಳಿ ಸಣ್ಣ ಉಬ್ಬುಗಳುಳ್ಳ ಚಿನ್ನದ ಬಣ್ಣದ ಪಟ್ಟಿ ಇದ್ದರೆ ಅದು ಕಾರ್ಡ್‌ಬಸ್. ತೀರ ಹಳೆಯ ಲ್ಯಾಪ್‌ಟಾಪಿನ ಸೀಳಿನಲ್ಲಿ ಅದು ಹೋಗುವುದೇ ಇಲ್ಲ. ಬಲವಂತ ಮಾಡಕೂಡದು, ಒಳಗಿನ ಸೂಜಿಗಳು ಬಾಗಿದರೆ ರಿಪೇರಿ ಕಷ್ಟ.

ಈಗ ಜಗಳ ಬಿಡಿಸುವ ಬಗೆ. ಕೈಹಾಕುವ ಮೊದಲು ಸದಸ್ಯರ ಹಾಲಿನ ಲೆಕ್ಕವನ್ನು ಬೇರೆ ಕಡೆ ನಕಲು ಮಾಡಿ ಇಡಿರಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಲೇ ಬಾರದು. ಬೆಳಗಿನ ಹೊತ್ತು, ಕ್ಯಾನು ಹಿಡಿದು ಜನ ಸಾಲು ನಿಂತಿರುವಾಗ, ಈ ಕೆಲಸಕ್ಕೆ ಇಳಿಯಬೇಡಿರಿ.

‘ಮೈ ಕಂಪ್ಯೂಟರ್’ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’, ಅದರಲ್ಲಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ವೃತ್ತದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಇರುವ ಭಾಗವೇ ಕಷ್ಟದಲ್ಲಿರುವುದು. ಅದನ್ನು ತೆರೆದಾಗ ಕೋಡ್ 12 ಎಂದು ಬಂದರೆ, ಬೇಕಾದ ಜಾಗ ಸಿಕ್ಕಿಲ್ಲ ಎಂದೇ ಅರ್ಥ. ಪಟ್ಟಿಯ ಮೇಲ್ತುದಿಯ ‘ಕಂಪ್ಯೂಟರ್’ ಎಂಬುದನ್ನು ಎರಡು ಸಲ ಒತ್ತಿದರೆ ಯಾವ ಸಂಖ್ಯೆ ಯಾರ ಕೈಯಲ್ಲಿದೆ ಎಂಬುದೆಲ್ಲ ಪಹಣಿಯಂತೆ ಕಾಣುತ್ತದೆ. ಅದನ್ನು ಹಾಗೆಯೇ ಒಂದು ಕಾಗದದಲ್ಲಿ ಬರೆದುಕೊಳ್ಳಿರಿ.

ಈ ಪಟ್ಟಿ ನೋಡಿದರೆ ಸಾಮಾನ್ಯವಾಗಿ ಒಂದು ವಿಷಯ ಹೊರಬೀಳುತ್ತದೆ. ಯಾರೂ ಉಳದ ಹೊಲವನ್ನು ಹಿಡಿದುಕೊಂಡು ಕುಳಿತಂತೆ, ಯಾರೂ ಉಪಯೋಗಿಸದ ಭಾಗವೊಂದು ಸಂಖ್ಯೆ ಹಿಡಿದಿರುತ್ತದೆ. ಹಳೆಯ ಲ್ಯಾಪ್‌ಟಾಪುಗಳಲ್ಲಿ ಇನ್‌ಫ್ರಾರೆಡ್ ಕಿಂಡಿ ಎಂಬುದೊಂದಿದೆ. ಅದು ಹಲವು ಯಂತ್ರಗಳಲ್ಲಿ 3ನೆಯ ಹಗ್ಗವನ್ನು ಹಿಡಿದಿರುತ್ತದೆ, ನಮ್ಮಲ್ಲಿ ಯಾರಿಗೂ ಬೇಕಿಲ್ಲ. ದೂರವಾಣಿ ತಂತಿಗೆ ಜೋಡಿಸುವ ಒಳಮೋಡೆಮೂ ಹಾಗೆಯೇ. ಪ್ರಿಂಟರು ಇಲ್ಲದಿದ್ದರೆ 7 ಕೂಡ ವ್ಯರ್ಥ. ಇವುಗಳಲ್ಲಿ ಒಂದನ್ನು ಬಿಡಿಸಿದರೆ ಸಾಕು.

ಬಿಡಿಸುವುದನ್ನು ವಿಂಡೋಸಿನಲ್ಲಿ ಮಾತ್ರ ಮಾಡಿದರೆ ಕೆಲವು ಸಲ ಹಿಡಿತ ಪೂರ್ತಿ ಸಡಿಲುವುದಿಲ್ಲ. ಯಂತ್ರ ಹೊತ್ತಿಸಿದ ಕೂಡಲೇ ಎಫ್‌2 ಅಥವಾ ಡಿಲೀಟ್ ಕೀಲಿ ಒತ್ತಿದರೆ ಬರುವ ‘ಸೆಟಪ್’ ಪರದೆಯಲ್ಲಿಯೇ ಆ ಭಾಗವನ್ನು ‘ಡಿಸೇಬಲ್ಡ್’ ಎಂದು ಮಾಡುವುದು ಮೇಲು. ಕೀಲಿ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ಮೊದಲ ಪರದೆಯ ಕೆಳಗೆ ಬರೆದಿರುವುದನ್ನು ಓದಿರಿ. ಅಲ್ಲಿ ಬೇರೇನನ್ನೂ ಮುಟ್ಟಬೇಡಿರಿ.

ಇಷ್ಟಕ್ಕೂ ಕಾರ್ಡು ತಾನೇ ಸರಿಹೋಗದಿದ್ದರೆ, ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ‘ರಿಸೋರ್ಸಸ್’ ಪುಟ ತೆರೆದು, ‘ಆಟೋಮ್ಯಾಟಿಕ್’ ಎಂಬಲ್ಲಿಯ ಗುರುತು ತೆಗೆದು, ಖಾಲಿಯಾದ ಸಂಖ್ಯೆಯನ್ನು ನೀವೇ ಕೊಡಿರಿ. ಕೆಳಗೆ ‘ನೋ ಕಾನ್‌ಫ್ಲಿಕ್ಟ್ಸ್’ ಎಂದು ಬರಬೇಕು. ಅದೇ ಪುಟದಲ್ಲಿ 3ಎಫ್8, 2ಎಫ್8 ಎಂಬಂಥ ವಿಳಾಸಗಳೂ ಇರುತ್ತವೆ. ಅವು ಸರ್ವೆ ನಂಬರಿನಂತೆ. ಒಂದೇ ನಂಬರು ಇಬ್ಬರ ಖಾತೆಯಲ್ಲಿ ಇರಕೂಡದು. ಹೀಗೆ ಕೈಯಿಂದ ಗೊತ್ತುಮಾಡಿದ್ದನ್ನು ಮುಂದೆ ವಿಂಡೋಸ್ ತಾನಾಗಿ ಬದಲಿಸಲಾರದು, ಆದ್ದರಿಂದ ಇದು ಕೊನೆಯ ಉಪಾಯ.

ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹೊತ್ತಿಸಿರಿ. ಹಳದಿ ಗುರುತು ಹೋಗಿದ್ದೂ ತಕ್ಕಡಿಯ ಅಂಕಿ ಬರದಿದ್ದರೆ ಗಾಬರಿ ಬೇಡ. ಕಾರ್ಡು ಈಗ ‘ಕಾಮ್ 2’ರ ಬದಲು ‘ಕಾಮ್ 3’ ಆಗಿರಬಹುದು. ಹಾಲಿನ ಲೆಕ್ಕದ ಪ್ರೋಗ್ರಾಮಿನಲ್ಲಿಯೂ ಹೊಸ ನಂಬರನ್ನೇ ತಿಳಿಸಬೇಕು.

ಯು.ಎಸ್.ಬಿ. ಕಿಂಡಿಯೂ ಅದಕ್ಕೆ ಒಪ್ಪುವ ಡ್ರೈವರೂ ಇದ್ದರೆ ಕಾರ್ಡಿನ ಬದಲು ಯು.ಎಸ್.ಬಿ.ಯಿಂದ ಸೀರಿಯಲ್ಲಿಗೆ ಹೋಗುವ ತಂತಿ ಸಾಕು. ಅದು ಬೇರೆ ಹಗ್ಗ ಕೇಳುವುದಿಲ್ಲ. ಯಾವುದಕ್ಕೂ ಬಗ್ಗದ ಯಂತ್ರಕ್ಕೆ ಮತ್ತೆ ಮತ್ತೆ ಹಣ ಸುರಿಯುವುದು ನನಗೆ ಸರಿಕಾಣುವುದಿಲ್ಲ.

ವಿಂಡೋಸ್ 98ಕ್ಕೆ ಕಂಪನಿಯ ಬೆಂಬಲ 2006ರ ಜುಲೈ 11ರಂದೇ ನಿಂತಿದೆ. ಆದಕಾರಣ ಈ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸದೆ ಲೆಕ್ಕಕ್ಕೆ ಮಾತ್ರ ಇಟ್ಟುಕೊಳ್ಳಿರಿ. ಬದಲಿಸಿದ ಸಂಖ್ಯೆಗಳ ಕಾಗದವನ್ನು ಡೈರಿಯ ಕಡತದಲ್ಲಿ ಸೇರಿಸಿರಿ. ಕಾರ್ಯದರ್ಶಿ ಬದಲಾದಾಗ ಹೊಸಬರು ಮೊದಲು ಕೇಳುವುದು ಅದನ್ನೇ.