ಎಚ್ಚರವಾಗೇ ಉಳಿಯುವ ಗ್ರಾಫಿಕ್ಸ್ ಚಿಪ್

ಲ್ಯಾಪ್‌ಟಾಪ್ ಕೊಳ್ಳುವಾಗ ಗ್ರಾಫಿಕ್ಸ್ ಕಾರ್ಡ್ ಎಷ್ಟು ಜೋರಾಗಿದೆ ಎಂದು ಎಲ್ಲರೂ ಕೇಳುತ್ತಾರೆ. ಕೆಲಸವಿಲ್ಲದಾಗ ಅದು ಪೂರ್ತಿ ಆಫ್ ಆಗುತ್ತದೆಯೇ ಎಂದು ಕೇಳುವವರು ಕಡಿಮೆ. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದು ಬಹುಮಟ್ಟಿಗೆ ನಿಂತಿರುವುದು ಈ ಎರಡನೆಯ ಪ್ರಶ್ನೆಯ ಮೇಲೆ.

ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಎರಡು ಬಗೆ. ಇಂಟಿಗ್ರೇಟೆಡ್ ಎಂಬುದು ಪ್ರೊಸೆಸರ್ ಜೊತೆಯಲ್ಲೇ ಇದ್ದು, ಅದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಡಿಸ್ಕ್ರೀಟ್ ಅಥವಾ ಡೆಡಿಕೇಟೆಡ್ ಎಂಬುದಕ್ಕೆ ಚಿಪ್ಪೂ ಬೇರೆ, ಮೆಮೊರಿಯೂ ಬೇರೆ, ಕರೆಂಟ್ ಒದಗಿಸುವ ಸರ್ಕ್ಯೂಟೂ ಬೇರೆ. ಪರದೆಯ ಮೇಲೆ ಏನೂ ನಡೆಯದಿದ್ದರೂ, ಎಚ್ಚರವಾಗಿರುವ ಚಿಪ್ಪಿನಲ್ಲಿ ಕರೆಂಟ್ ಸೋರುತ್ತಲೇ ಇರುತ್ತದೆ. ಮೆಮೊರಿಗೂ ಆಗಾಗ ಮರುಪೂರಣ ಬೇಕು.

ಲೆಕ್ಕ ಹಾಕಿ ನೋಡೋಣ. ಬ್ಯಾಟರಿ 56 ವ್ಯಾಟ್-ಅವರ್‌ನದು, ಬರವಣಿಗೆಯಂಥ ಹಗುರ ಕೆಲಸಕ್ಕೆ ಇಡೀ ಯಂತ್ರ 8 ವ್ಯಾಟ್ ಬಳಸುತ್ತದೆ ಎಂದಿಟ್ಟುಕೊಳ್ಳಿ: 7 ಗಂಟೆ ಬರುತ್ತದೆ. ಡಿಸ್ಕ್ರೀಟ್ ಚಿಪ್ ಸುಮ್ಮನೆ ಎಚ್ಚರವಾಗಿದ್ದು ಇನ್ನೂ 6 ವ್ಯಾಟ್ ಎಳೆದರೆ ಅದು 4 ಗಂಟೆಗೆ ಇಳಿಯುತ್ತದೆ. ಗೇಮ್ ಆಡುತ್ತಾ 80 ವ್ಯಾಟ್ ಎಳೆದರೆ ಮುಕ್ಕಾಲು ಗಂಟೆಯೂ ಬಾರದು. ಬ್ಯಾಟರಿಯನ್ನೇ ದೊಡ್ಡದು ಮಾಡೋಣವೆಂದರೆ ವಿಮಾನಯಾನದ ನಿಯಮ ಅಡ್ಡ ಬರುತ್ತದೆ: ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿಗೆ 100 ವ್ಯಾಟ್-ಅವರ್ ಮಿತಿ. ಹಾಗಾಗಿ ಉಳಿತಾಯ ಆಗಬೇಕಾದದ್ದು ಖರ್ಚಿನ ಕಡೆಯಲ್ಲೇ.

ಇದಕ್ಕೆ ಮೊದಮೊದಲು ಕಂಡುಕೊಂಡ ದಾರಿ ಒಂದು ಸ್ವಿಚ್. 2006ರ ಸೋನಿ ವಾಯೋ ಎಸ್‌ಝಡ್ ಮಾದರಿಯಲ್ಲಿ ‘ಸ್ಟ್ಯಾಮಿನಾ’, ‘ಸ್ಪೀಡ್’ ಎಂಬ ಎರಡು ಸ್ಥಾನಗಳ ಸ್ವಿಚ್ ಇತ್ತು. ಬದಲಿಸಿದರೆ ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕಿತ್ತು. 2008ರ ಕೊನೆಗೆ ಬಂದ ಮ್ಯಾಕ್‌ಬುಕ್ ಪ್ರೊದಲ್ಲಿ ಲಾಗೌಟ್ ಆದರೆ ಸಾಕಾಯಿತು. ಇಷ್ಟು ಕಿರಿಕಿರಿ ಪಟ್ಟು ದಿನಕ್ಕೆ ನಾಲ್ಕು ಸಲ ಬದಲಿಸುವವರು ಯಾರು?

2010ರಲ್ಲಿ ಎನ್‌ವಿಡಿಯಾ ತಂದ ‘ಆಪ್ಟಿಮಸ್’ ಈ ತೊಡಕನ್ನು ಸೊಗಸಾಗಿ ಬಿಡಿಸಿತು. ಅದರಲ್ಲಿ ಪರದೆಗೆ ಜೋಡಣೆ ಇರುವುದು ಇಂಟಿಗ್ರೇಟೆಡ್ ಗ್ರಾಫಿಕ್ಸಿಗೆ ಮಾತ್ರ. ಭಾರಿ ಕೆಲಸ ಬಂದಾಗ ಡಿಸ್ಕ್ರೀಟ್ ಚಿಪ್ ಎದ್ದು ಚಿತ್ರ ಬಿಡಿಸುತ್ತದೆ, ಬಿಡಿಸಿದ್ದನ್ನು ಇಂಟಿಗ್ರೇಟೆಡ್‌ನ ಮೆಮೊರಿಗೆ ನಕಲು ಮಾಡುತ್ತದೆ, ಕೆಲಸ ಮುಗಿದರೆ ಆಫ್ ಆಗುತ್ತದೆ. ಬಳಸುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಆದರೂ ಅದನ್ನು ಎಬ್ಬಿಸಿ ಕೂರಿಸುವ ಸಂಗತಿಗಳು ಉಳಿದಿವೆ. ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ಡಿಸ್ಕ್ರೀಟ್ ಚಿಪ್ಪಿಗೇ ಜೋಡಿಸಿರುತ್ತದೆ. ತರಗತಿಯಲ್ಲಿ ಪ್ರೊಜೆಕ್ಟರ್ ಸಿಕ್ಕಿಸಿದೊಡನೆ, ತೋರಿಸುವುದು ಬರೀ ಸ್ಲೈಡ್ ಆದರೂ, ಅದು ಏಳುತ್ತದೆ. ಉಷ್ಣಾಂಶ ನೋಡಲೆಂದು ಹಾಕಿಕೊಂಡ ತಂತ್ರಾಂಶವೇ ಪದೇ ಪದೇ ವಿಚಾರಿಸಿ ನಿದ್ದೆಗೆಡಿಸುವುದುಂಟು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿರುವ ‘ಡಿಸ್ಕ್ರೀಟ್ ಮಾತ್ರ’ ಎಂಬ ಮೋಡಿನಲ್ಲಿಟ್ಟು ಮರೆತರಂತೂ ಹಗುರ ಕೆಲಸವೆಲ್ಲ ಅದರ ಪಾಲಿಗೇ.

ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನೊಳಗಿನ ಗ್ರಾಫಿಕ್ಸ್ ಪುಟದಲ್ಲಿ ಒಂದೊಂದು ಆ್ಯಪ್‌ಗೂ ‘ಪವರ್ ಸೇವಿಂಗ್’ ಅಥವಾ ‘ಹೈ ಪರ್ಫಾರ್ಮೆನ್ಸ್’ ಆಯ್ದುಕೊಳ್ಳಬಹುದು. ಯಾವ ಆ್ಯಪ್ ಯಾವ ಗ್ರಾಫಿಕ್ಸ್ ಬಳಸುತ್ತಿದೆ ಎಂಬುದು ಟಾಸ್ಕ್ ಮ್ಯಾನೇಜರ್‌ನ ‘ಜಿಪಿಯು ಎಂಜಿನ್’ ಕಾಲಂನಲ್ಲಿ ಕಾಣುತ್ತದೆ. ಬ್ರೌಸರನ್ನು ಮೊದಲು ಪವರ್ ಸೇವಿಂಗ್‌ಗೆ ಹಾಕಿ: ಯೂಟ್ಯೂಬ್ ವಿಡಿಯೊ ಬಿಡಿಸಲು ಇಂಟಿಗ್ರೇಟೆಡ್ ಗ್ರಾಫಿಕ್ಸ್‌ನಲ್ಲೇ ಪ್ರತ್ಯೇಕ ಘಟಕವಿದೆ. ಬ್ಲೆಂಡರ್‌ನಂಥ 3ಡಿ ತಂತ್ರಾಂಶ, ದೊಡ್ಡ ವಿಡಿಯೊ ಎಡಿಟಿಂಗ್, ಹೊಸ ಗೇಮ್ ಯಾವುದೂ ನಿಮ್ಮ ದಿನಚರಿಯಲ್ಲಿ ಇಲ್ಲದಿದ್ದರೆ ಡಿಸ್ಕ್ರೀಟ್ ಕಾರ್ಡಿಗೆ ಹಣ ಹಾಕಬೇಡಿ. ಆ ಹಣದಲ್ಲಿ ರ‍್ಯಾಮ್ ಹೆಚ್ಚಿಸಿಕೊಳ್ಳಿ.