ಪುದೀನ, ಸಬ್ಬಸಿಗೆ ಮತ್ತು ಮೂಗಿನ ಎಡಬಲ

ಮಂಡ್ಯದ ಯಲಿಯೂರು ಕಡೆಯ ಮನೆಗಳಲ್ಲಿ ಪುದೀನ ಚಟ್ನಿಗೆ ಬೀಳುತ್ತದೆ, ಸಬ್ಬಸಿಗೆ ಸೊಪ್ಪು ಉಪ್ಸಾರಿಗೂ ಅಕ್ಕಿರೊಟ್ಟಿಗೂ. ಕೀಳದೆ ಬಿಟ್ಟ ಸಬ್ಬಸಿಗೆ ಹೂ ಬಿಟ್ಟು ಬೀಜ ಕಟ್ಟಿದಾಗ ನಾಲ್ಕು ಬೀಜ ಅಂಗೈಯಲ್ಲಿ ಉಜ್ಜಿ ಮೂಸಿದರೆ ಸೋಂಪಿಗೂ ಜೀರಿಗೆಗೂ ನಡುವಿನದೊಂದು ಘಾಟು ಬರುತ್ತದೆ. ಪುದೀನದ ಗಮಲಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಅನ್ನಿಸುತ್ತದೆ. ಆದರೆ ಎರಡರ ಹಿಂದೆಯೂ ಇರುವ ಮುಖ್ಯ ವಸ್ತು ಕಾರ್ವೋನ್. 10 ಇಂಗಾಲ, 14 ಜಲಜನಕ, 1 ಆಮ್ಲಜನಕ. ತೂಕ ಒಂದೇ, ಕುದಿಯುವ ಬಿಸಿ ಒಂದೇ, ಯಾವ ಪರಮಾಣು ಯಾವುದಕ್ಕೆ ಅಂಟಿದೆ ಎಂಬುದೂ ಒಂದೇ. ಪುದೀನದ ಅಣು ಮಾತ್ರ ಸಬ್ಬಸಿಗೆಯ ಅಣುವಿನ ಕನ್ನಡಿ ಬಿಂಬ, ಎಡಗೈಗೆ ಬಲಗೈ ಇದ್ದ ಹಾಗೆ.

ಇಂಥ ಎಡಬಲದ ಲೆಕ್ಕ ಮಂಡ್ಯ ಸೀಮೆಗೆ ಹೊಸದಲ್ಲ. 1933ರ ಮೈಷುಗರ್ ಇರಲಿ, ಬೇರೆ ಯಾವುದೇ ಇರಲಿ, ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯವೆಂದರೆ ಅಲ್ಲಿ ಪೋಲಾರಿಮೀಟರ್ ಇರಲೇಬೇಕು. ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು ಕಬ್ಬಿನ ರಸದೊಳಗೆ ಹಾಯಿಸಿದರೆ ಸುಕ್ರೋಸ್ ಆ ಸಮತಲವನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿತೋ ಅದರ ಮೇಲೆ ಸಕ್ಕರೆಯ ಅಂದಾಜು. ಕಾರ್ಖಾನೆಯವರು ಅದನ್ನು ‘ಪೋಲ್’ ಅನ್ನುತ್ತಾರೆ. ಕಡಿದ ಕಬ್ಬು ಲಾರಿಯಲ್ಲೇ ಬಾಡಿದರೆ ಸುಕ್ರೋಸ್ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆ ಬೆರಕೆ ಬೆಳಕನ್ನು ಎಡಕ್ಕೆ ಎಳೆಯುತ್ತದೆ. ಪೋಲ್ ಇಳಿಯಿತು, ಇಳುವರಿಯೂ ಹೋಯಿತು. ಇದೇ ಯಂತ್ರಕ್ಕೆ ಕಾರ್ವೋನ್ ಹಾಕಿದರೆ ಪುದೀನದ್ದು ಎಡಕ್ಕೆ, ಸಬ್ಬಸಿಗೆಯದು ಬಲಕ್ಕೆ ತಿರುಗಿಸುತ್ತದೆ.

ಯಂತ್ರಕ್ಕೆ ತಿಳಿದದ್ದು ಮೂಗಿಗೆ ಹೇಗೆ ತಿಳಿಯಿತು? ಮೂಗಿನ ಮೇಲ್ಭಾಗದಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ. ಅವೆಲ್ಲ ಪ್ರೋಟೀನುಗಳು. ನಮ್ಮ ದೇಹದ ಪ್ರೋಟೀನುಗಳು ಕಟ್ಟಿಕೊಳ್ಳುವುದು ಎಡಗೈ ಬಗೆಯ ಅಮೈನೋ ಆಮ್ಲಗಳಿಂದ ಮಾತ್ರ. ಹಾಗಾಗಿ ಗ್ರಾಹಕಗಳಿಗೂ ಎಡಬಲವಿದೆ. ಬಲಗಾಲಿನ ಚಪ್ಪಲಿಗೆ ಎಡಗಾಲು ತೂರಿಸಿದರೆ ಹೋಗದೇನೂ ಇಲ್ಲ, ಆದರೆ ಕಾಲಿಗೆ ತಕ್ಷಣ ಗೊತ್ತಾಗುತ್ತದೆ. ಹಾಗೆಯೇ ಎರಡು ಕಾರ್ವೋನ್‌ಗಳೂ ಬೇರೆ ಬೇರೆ ಗ್ರಾಹಕಗಳನ್ನು, ಬೇರೆ ಬೇರೆ ಪ್ರಮಾಣದಲ್ಲಿ ತಟ್ಟುತ್ತವೆ. ಮಿದುಳು ಓದುವುದು ಆ ಒಟ್ಟು ವಿನ್ಯಾಸವನ್ನು.

ಇದನ್ನು ಬಹುಕಾಲ ಎಲ್ಲರೂ ನಂಬಿರಲಿಲ್ಲ. ವಾಸನೆಯ ವ್ಯತ್ಯಾಸಕ್ಕೆ ಕಾರಣ ಕನ್ನಡಿಯಲ್ಲ, ಎಣ್ಣೆಯಲ್ಲಿ ಉಳಿದ ಕಸ ಎಂಬ ಅನುಮಾನ ನ್ಯಾಯವಾದದ್ದೇ. 1971ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಎರಡು ವರದಿಗಳು ಅದನ್ನು ತೀರಿಸಿದವು: ಚೆನ್ನಾಗಿ ಶುದ್ಧಗೊಳಿಸಿದ ಮೇಲೂ ಎರಡು ಕಾರ್ವೋನ್‌ಗಳ ವಾಸನೆ ಬೇರೆಯೇ ಆಗಿ ಉಳಿಯಿತು. ಹಾಗಂತ ಪ್ರತಿ ಕನ್ನಡಿ ಜೋಡಿಯೂ ಹೀಗಿಲ್ಲ. 1999ರ ಒಂದು ಪರೀಕ್ಷೆಯಲ್ಲಿ 10 ಜೋಡಿಗಳ ಪೈಕಿ ಮೂರನ್ನಷ್ಟೇ ಜನ ಒಟ್ಟಾರೆಯಾಗಿ ಬೇರೆ ಮಾಡಿ ಹೇಳಬಲ್ಲವರಾದರು. ಮೂಗನ್ನು ಅತಿಯಾಗಿ ಹೊಗಳುವುದು ಬೇಡ.

ಸುಗಂಧದ ಉದ್ಯಮಕ್ಕೆ ಮಾತ್ರ ಇದು ದುಡ್ಡಿನ ಪ್ರಶ್ನೆ. ಮೈಸೂರಿನಲ್ಲಿ 1916ರಿಂದ ಎಣ್ಣೆ ಇಳಿಸುತ್ತಿರುವ ಶ್ರೀಗಂಧದ ಮರ ಪರಿಮಳ ಕೊಡುವ ತನ್ನ ಸ್ಯಾಂಟಲಾಲ್ ಅಣುಗಳನ್ನು ಎಡಬಲಗಳಲ್ಲಿ ಒಂದೇ ಬಗೆಯವಾಗಿ ಕಟ್ಟುತ್ತದೆ. ಕಾರ್ಖಾನೆಯ ಸಾಧಾರಣ ರಸಾಯನ ಕ್ರಿಯೆ ಎಡಬಲ ಎರಡನ್ನೂ ಸಮಪಾಲು ಮಾಡಿಬಿಡುತ್ತದೆ. ಬೇಡದ ಅರ್ಧವನ್ನು ತೆಗೆಯುವುದು ದುಬಾರಿ. ಅದಕ್ಕೇ ಉದ್ಯಮ ಗಿಡಮರಗಳೇ ಮಾಡಿಟ್ಟ ಎಡಬಲವನ್ನು ಹುಡುಕಿಕೊಂಡು ಹೋಗುತ್ತದೆ. ಕಿತ್ತಳೆ ಸಿಪ್ಪೆಯ ಲಿಮೊನೀನ್‌ನಲ್ಲಿ ಪುದೀನದ ಕಾರ್ವೋನ್‌ಗೆ ಬೇಕಾದ ವಿನ್ಯಾಸ ಆಗಲೇ ಇದೆ. ಜ್ಯೂಸ್ ಕಾರ್ಖಾನೆಗಳಲ್ಲಿ ಉಳಿಯುವ ಸಿಪ್ಪೆಯ ಎಣ್ಣೆಯಿಂದಲೇ ಆ ಕಾರ್ವೋನನ್ನು ತಯಾರಿಸುತ್ತಾರೆ. ನಿಮ್ಮ ಟೂತ್‌ಪೇಸ್ಟಿನ ಪುದೀನ ಗಿಡವನ್ನೇ ಕಂಡಿಲ್ಲದಿರಬಹುದು.