ಧ್ವನಿಮುದ್ರಣಾಲಯದಲ್ಲಿ ಅಂಕೀಯ ಉಪಕರಣಗಳ ಜೋಡಣೆ: ಜನಪದ ಹಾಡುಗಳ ಸಂರಕ್ಷಣೆಯ ನೆಲೆಯಲ್ಲಿ

ರೋಣ–ಗಜೇಂದ್ರಗಡ ಸೀಮೆಯು ಹಾಡಿಗೆ ಹೆಸರಾದ ನೆಲ. ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಜನಿಸಿದ್ದು ರೋಣದಲ್ಲಿ. ಅವರ ಕಂಠವನ್ನು ಉಳಿಸಿಕೊಳ್ಳಲು ಆಕಾಶವಾಣಿಯೂ ಧ್ವನಿಮುದ್ರಿಕೆಯ ಸಂಸ್ಥೆಗಳೂ ಇದ್ದವು. ಆದರೆ ಅದೇ ಸೀಮೆಯ ರಾಜೂರದಂತಹ ಹಳ್ಳಿಗಳ ಬೀಸುವ ಹಾಡು, ಸೋಬಾನೆ, ಗೀಗೀ ಪದಗಳಿಗೆ ಬಹುಮಟ್ಟಿಗೆ ಸಂಗ್ರಾಹಕರ ಟೇಪುಗಳೇ ಆಸರೆ. ಹಾಡಿದವರು ತೀರಿಹೋದ ಮೇಲೆ ಆ ಟೇಪೇ ಏಕೈಕ ಆಧಾರವಾಗುವುದೂ ಉಂಟು. ಅದನ್ನು ಗಣಕಕ್ಕೆ ವರ್ಗಾಯಿಸುವಾಗ ಉಪಕರಣಗಳ ಜೋಡಣೆಯಲ್ಲಿ ನುಸುಳುವ ಒಂದು ಸಣ್ಣ ತಪ್ಪು ಮುಂದಿನ ಪೀಳಿಗೆಗೆ ಶಾಶ್ವತವಾಗಿ ಸಾಗುತ್ತದೆ. ಈ ಜೋಡಣೆಯ ಮೂಲತತ್ತ್ವಗಳನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಂತಿಗಳ ವಿಚಾರ

ಅಂಕೀಯ ಧ್ವನಿಯನ್ನು ಒಂದು ಉಪಕರಣದಿಂದ ಇನ್ನೊಂದಕ್ಕೆ ಸಾಗಿಸಲು ಮೂರು ಬಗೆಯ ಸಂಪರ್ಕಗಳು ಹೆಚ್ಚು ಬಳಕೆಯಲ್ಲಿವೆ. ಮೊದಲನೆಯದು 1985ರಲ್ಲಿ ಮಾನಕವಾಗಿ ಪ್ರಕಟವಾದ ಎಇಎಸ್3. ಇದು ಎಕ್ಸ್‌ಎಲ್‌ಆರ್ ಕೊಂಡಿಯ ಮೂಲಕ ಎರಡು ವಾಹಿನಿಗಳನ್ನು ಒಯ್ಯುತ್ತದೆ. ಇದರ ತಂತಿಯ ಪ್ರತಿಬಾಧೆ 110 ಓಮ್ ಇರಬೇಕು. ಎರಡನೆಯದು ಎಸ್‌ಪಿಡಿಐಎಫ್, ಇದೂ ಎರಡು ವಾಹಿನಿಗಳದೇ, ತಂತಿ 75 ಓಮ್‌ನದು. ಮೂರನೆಯದು ಎಡ್ಯಾಟ್, ಇದು ಒಂದೇ ಬೆಳಕಿನ ಎಳೆಯಲ್ಲಿ 48 ಕಿಲೋಹರ್ಟ್ಸ್ ದರದಲ್ಲಿ 8 ವಾಹಿನಿಗಳನ್ನೂ 96 ಕಿಲೋಹರ್ಟ್ಸ್ ದರದಲ್ಲಿ 4 ವಾಹಿನಿಗಳನ್ನೂ ಸಾಗಿಸುತ್ತದೆ. ಗೀಗೀ ಮೇಳದ ಹಾಡುಗಾರರು, ದಪ್ಪು, ತುಂತುಣಿ, ತಾಳಗಳಿಗೆ ಪ್ರತ್ಯೇಕ ಮೈಕು ಇರಿಸಿದಾಗ ಈ ಮೂರನೆಯ ಬಗೆ ಅನುಕೂಲಕರ.

ಮೈಕಿನ ತಂತಿಗೂ ಎಇಎಸ್3 ತಂತಿಗೂ ಕೊಂಡಿ ಒಂದೇ ಆಗಿರುವುದರಿಂದ ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ತಂತಿ ಗಿಡ್ಡವಿದ್ದಾಗ ಇದು ನಡೆದೀತು. ಉದ್ದವಾದಾಗ ಪ್ರತಿಬಾಧೆ ಹೊಂದದೆ ಸಂಕೇತವು ತುದಿಯಿಂದ ಪ್ರತಿಫಲಿಸಿ ಅಂಕಿಗಳು ಕೆಡುತ್ತವೆ.

ಒಂದೇ ಗಡಿಯಾರ

ತಂತಿಗಿಂತಲೂ ಮುಖ್ಯವಾದುದು ಗಡಿಯಾರ ಸಂಕೇತ. ಭಜನೆಯಲ್ಲಿ ತಾಳ ಹಿಡಿಯುವವನು ಒಬ್ಬನೇ ಇರುವಂತೆ, ಧ್ವನಿಮುದ್ರಣಾಲಯದಲ್ಲಿಯೂ ಒಂದೇ ಉಪಕರಣ ಕಾಲವನ್ನು ನಿರ್ಣಯಿಸಬೇಕು. ಉಳಿದವು ಅದನ್ನು ಅನುಸರಿಸಬೇಕು. ಎರಡು ಉಪಕರಣಗಳು 48 ಕಿಲೋಹರ್ಟ್ಸ್ ದರದಲ್ಲಿ ಸ್ವತಂತ್ರವಾಗಿ ನಡೆಯುತ್ತಿವೆ ಎನ್ನೋಣ. ಅವುಗಳ ಹರಳುಗಳಲ್ಲಿ ಹತ್ತು ಲಕ್ಷಕ್ಕೆ 10ರಷ್ಟು ಅಂತರವಿದ್ದರೂ ಸುಮಾರು ಎರಡು ಸೆಕೆಂಡಿಗೆ ಒಂದು ಧ್ವನಿಮಾದರಿ ಕಳೆಯುತ್ತದೆ ಇಲ್ಲವೆ ಮರುಕಳಿಸುತ್ತದೆ. ಒಂದು ಗಂಟೆಯಲ್ಲಿ ಇದು 1,700ನ್ನು ಮೀರುತ್ತದೆ. ದಪ್ಪಿನ ಅಬ್ಬರದಲ್ಲಿ ಈ ಚಿಟುಕು ಸದ್ದು ಮರೆಯಾಗಬಹುದು. ಮುದುಕಿಯೊಬ್ಬಳ ಒಂಟಿ ದನಿಯ ಬೀಸುವ ಹಾಡಿನಲ್ಲಿ ಅದು ಮರೆಯಾಗದು.

ಡ್ಯಾಟ್ ಟೇಪಿನ ವರ್ಗಾವಣೆ

1987ರಲ್ಲಿ ಬಳಕೆಗೆ ಬಂದ ಡ್ಯಾಟ್ ಟೇಪಿನ ಯಂತ್ರಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಸೋನಿ ಸಂಸ್ಥೆ 2005ರಲ್ಲಿ ಪ್ರಕಟಿಸಿತು. ಆದ್ದರಿಂದ ಈ ವರ್ಗಾವಣೆ ತುರ್ತಿನದು. ಹೊರಗಿನ ಗಡಿಯಾರವನ್ನು ಸ್ವೀಕರಿಸದ ಡ್ಯಾಟ್ ಯಂತ್ರವಾದರೆ ಅದನ್ನೇ ಯಜಮಾನನಾಗಿಸಿ, ಗಣಕದ ಧ್ವನಿಸಂಪರ್ಕ ಸಾಧನವನ್ನು ಬಾಹ್ಯ ಗಡಿಯಾರಕ್ಕೆ ಹೊಂದಿಸಬೇಕು. ಟೇಪಿನ ದರವನ್ನೂ ಗಮನಿಸಬೇಕು. 48 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ ಹಾಡನ್ನು 44.1 ಎಂದು ತಪ್ಪಾಗಿ ಗುರುತಿಸಿದ ಕಡತದಲ್ಲಿ ನುಡಿಸಿದರೆ ಲಯ ನಿಧಾನವಾಗುವುದಲ್ಲದೆ ಶ್ರುತಿಯು ಸುಮಾರು ಒಂದೂವರೆ ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ. ಮೂಲ ಗಾಯಕಿಯ ದನಿಯನ್ನು ಕೇಳದ ಸಂಶೋಧಕನು ಅದನ್ನೇ ಆಕೆಯ ಶ್ರುತಿಯೆಂದು ಬರೆದಿಡುವ ಅಪಾಯವಿದೆ.

ಕ್ಯಾಸೆಟ್ಟಿನ ಧ್ವನಿ ಅಂಕೀಯವಲ್ಲ. ಅದು ಪರಿವರ್ತಕದ ಮೂಲಕ ಹಾದುಬರುವುದರಿಂದ ಅಲ್ಲಿ ಪರಿವರ್ತಕದ ಗಡಿಯಾರವೇ ಯಜಮಾನ. ಇಂತಹ ವರ್ಗಾವಣೆಗೆ ಅಂತರರಾಷ್ಟ್ರೀಯ ಧ್ವನಿ ಸಂಗ್ರಹಾಲಯಗಳ ಸಂಘವು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ಗಳನ್ನು ಶಿಫಾರಸು ಮಾಡಿದೆ.

ಸಮಾರೋಪ

ಪ್ರತಿ ವರ್ಗಾವಣೆಗೆ ಮುನ್ನ ಐದು ನಿಮಿಷ ಪರೀಕ್ಷಾರ್ಥವಾಗಿ ಮುದ್ರಿಸಿ ಕಿವಿಗೊಟ್ಟು ಕೇಳಬೇಕು. ಯಜಮಾನ ಉಪಕರಣ ಯಾವುದು, ದರವೆಷ್ಟು, ಸಂಪರ್ಕ ಯಾವ ಬಗೆಯದು ಎಂಬುದನ್ನು ಹಾಡುಗಾರರ ಹೆಸರು ಮತ್ತು ಊರಿನೊಂದಿಗೆ ದಾಖಲಿಸಬೇಕು. ಮೂಲ ಟೇಪನ್ನು ಎಸೆಯಬಾರದು. ಹಾಡಿನ ಪಠ್ಯವನ್ನು ತಿದ್ದದೆ ಉಳಿಸುವುದು ಜಾನಪದ ಸಂಗ್ರಾಹಕನ ಧರ್ಮವೆಂದು ನಾವು ಒಪ್ಪಿದ್ದೇವೆ. ಅದೇ ಧರ್ಮವು ದನಿಗೂ ಅನ್ವಯಿಸುತ್ತದೆ.